ಮಂತ್ರಿಗಳಿಗಾಗಿ ಮುಚ್ಚಿದ ಚರಂಡಿ

ಶುಕ್ರವಾರ ಹತ್ತೂವರೆಗೆ ಮಂತ್ರಿಗಳು ಬಂದು ಮೊದಲ ಗುದ್ದಲಿ ಹಾಕುವುದು. ಅಲ್ಲಿಂದ ಹತ್ತು ದಿನ ನಲವತ್ತು ಮಂದಿ ಹಳ್ಳಿ ಯುವಕರು ಶ್ರಮದಾನದಿಂದ ನೂರು ಗಜ ಚರಂಡಿ ತೋಡುವುದು. ೧೯೫೮ರ ಗ್ರಾಮೀಣ ಯುವಕರ ಬೇಸಿಗೆ ಶಿಬಿರಕ್ಕೆ ದೊರೆಸ್ವಾಮಿ ಮೇಷ್ಟ್ರು ಹಾಕಿದ್ದ ಕಾರ್ಯಕ್ರಮ ಇದು. ಅವರ ತಾತ ಅರಮನೆಯಲ್ಲಿ ಛತ್ರಿಗಳ ಉಸ್ತುವಾರಿ ನೋಡಿದವರು. ಬರೆದಿಟ್ಟ ಮೇಲೆ ಲೋಕ ಅದರಂತೆ ನಡೆಯಲೇಬೇಕೆಂಬುದು ಆ ಮನೆತನದ ನಂಬಿಕೆ.

ಗುರುವಾರ ಬೆಳಿಗ್ಗೆ ಆರಕ್ಕೆ ಮೇಷ್ಟ್ರು ಪ್ರಾರ್ಥನೆಯ ಗಂಟೆ ಹೊಡೆದರು. ನರಪಿಳ್ಳೆಯಿಲ್ಲ. ಹಲ್ಲುಪುಡಿ ಮೆತ್ತಿದ ಬಾಯಲ್ಲೇ ಹಿನಕಲ್ ದಾರಿಗೆ ಓಡಿದರೆ, ಹಿಂದಿನ ದಿನ ತಾವೇ ಎಳೆದಿದ್ದ ಸುಣ್ಣದ ಗೆರೆ ಮಾಯ. ಅದರ ಜಾಗದಲ್ಲಿ ದಾರ ಹಿಡಿದಂತೆ ನೇರವಾದ ಚರಂಡಿ. ದಡದಲ್ಲಿ ನಲವತ್ತು ಜನ ಬೀಡಿ ಸೇದುತ್ತ ಕೂತಿದ್ದರು.

"ಏನ್ರೋ ಇದು!"

"ಚರಂಡಿ ಸ್ವಾಮಿ," ಎಂದ ಜವರಪ್ಪ. "ನಾಕು ಗಂಟೆಗೇ ಎಚ್ಚರ ಆಯ್ತು. ಸುಮ್ನೆ ಎಂಗೆ ಬಿದ್ದಿರೋದು ಅಂತ ಅಗ್ದ್ಬುಟ್ವಿ."

"ಮಂತ್ರಿಗಳು ಮೊದಲ ಗುದ್ದಲಿ ಹಾಕ್ಬೇಕು ಕಣಯ್ಯಾ!"

"ಕೊನೇದು ಆಕ್ಲಿ ಬುಡಿ."

ಮೇಷ್ಟ್ರ ಕಣ್ಮುಂದೆ ಇಲಾಖೆಯ ಸಹಾಯಕ ನಿರ್ದೇಶಕರ ಕುರ್ಚಿ ಬಂದು ಹೋಯಿತು. ಮಂತ್ರಿಗಳು ಮೆಚ್ಚಿದರೆ ಅದು ತಮ್ಮದೇ. "ಕೈ ಮುಗೀತೀನಿ, ಮುಚ್ಬಿಡಿ," ಎಂದರು.

ಜವರಪ್ಪ ಬೀಡಿ ಆರಿಸಿದ. "ಮುಚ್ಚೋಣ. ನಮ್ಮ ಕೇರಿ ಏಳು ಜನಕ್ಕೆ ಸೈಕಲ್ ಶೆಡ್ಡಲ್ಲಿ ಎಲೆ ಆಕ್ತೀರಲ್ಲ, ಅದು ನಿಲ್ಲಲಿ. ಎಲ್ಲಾ ಒಂದೇ ಪಂಕ್ತಿ."

ಅಸ್ಪೃಶ್ಯತೆ ಅಪರಾಧವೆಂದು ಕಾನೂನಾಗಿ ಮೂರು ವರ್ಷವಾಗಿತ್ತು. ಅದು ದಿಲ್ಲಿಯಿಂದ ಹೊರಟಿತ್ತು ನಿಜ, ಸೈಕಲ್ ಶೆಡ್ಡಿಗೆ ಇನ್ನೂ ತಲುಪಿರಲಿಲ್ಲ.

"ನಂದೇನಿಲ್ಲಪ್ಪ, ಅಡುಗೆ ರಾಮಸ್ವಾಮಿ ಒಪ್ಪಲ್ಲ. ಅಲ್ದೆ ಶೆಡ್ಡಲ್ಲಿ ಗಾಳಿ ಚೆನ್ನಾಗಿದೆ..."

"ಹಂಗಾದ್ರೆ ನೀವೂ ಅಲ್ಲೇ ಬನ್ನಿ ಸಾರ್," ಎಂದ ಗೌಡರ ಹುಡುಗ ಪುಟ್ಟಸ್ವಾಮಿ. ಎರಡು ಹೊತ್ತು ಒಳಗೆ ಕೂತು ತಲೆ ತಗ್ಗಿಸಿ ಉಂಡಿದ್ದವರಲ್ಲಿ ಅವನೂ ಒಬ್ಬ. "ಮಣ್ಣೆತ್ತುವಾಗ ಒಂದೇ ಸಾಲು. ಮುದ್ದೆ ನುಂಗುವಾಗ ಯಾಕೆ ಎರಡು?"

"ಆಗ್ಲಿ, ಮಂತ್ರಿಗಳು ಬಂದು ಹೋಗ್ಲಿ, ಆಮೇಲೆ..."

"ಊಟ ಮೊದ್ಲು, ಮಣ್ಣು ಆಮೇಲೆ," ಎಂದ ಜವರಪ್ಪ. ನಲವತ್ತು ಗುದ್ದಲಿಗಳು ನೆಲಕ್ಕೊರಗಿದವು.

ಮಧ್ಯಾಹ್ನ ಹಜಾರದಲ್ಲಿ ಒಂದೇ ಉದ್ದಕ್ಕೆ ನಲವತ್ತು ಎಲೆ ಬಿದ್ದವು. ರಾಮಸ್ವಾಮಿ ಸೌಟು ಎಸೆದು, ಜನಿವಾರ ಸರಿಮಾಡಿಕೊಂಡು, ಬಸ್ಸು ಹತ್ತಿದ. ಹುಟ್ಟಿದಾಗಿನಿಂದ ಒಂದು ಲೋಟ ನೀರೂ ಬಡಿಸದ ಮೇಷ್ಟ್ರು ಪಂಚೆ ಎತ್ತಿ ಕಟ್ಟಿ ಸಾರಿನ ಬಕೆಟ್ಟು ಹಿಡಿದರು. ಅರ್ಧ ಸಾರು ಎಲೆಗೆ, ಅರ್ಧ ತೊಡೆಗೆ.

"ಸಾರ್, ನನ್ನ ಮಂಡಿಗೆ ಉಪ್ಪು ಕಮ್ಮಿ," ಎಂದ ಪುಟ್ಟಸ್ವಾಮಿ.

ಉಂಡೆದ್ದವರು ಸಂಜೆಯೊಳಗೆ ಚರಂಡಿ ಮುಚ್ಚಿದರು. ಮೇಷ್ಟ್ರು ಮತ್ತೆ ಸುಣ್ಣ ಎಳೆದರು.

ಶುಕ್ರವಾರ ಮಂತ್ರಿಗಳು ಗುದ್ದಲಿ ಎತ್ತಿ ಹಾಕಿದರು. ಅದು ಬೆಣ್ಣೆಗಿಳಿದ ಹಾಗೆ ಕಾವಿನವರೆಗೆ ಇಳಿಯಿತು. ತಮ್ಮ ತೋಳಿನಲ್ಲಿ ಇಷ್ಟು ಬಲವಿದೆಯೆಂದು ಅವರಿಗೇ ಗೊತ್ತಿರಲಿಲ್ಲ. ಫೋಟೋ ಮುಗಿದರೂ ನಿಲ್ಲಿಸಲಿಲ್ಲ. ಒಂದು ಮಾರು ತೋಡಿದರು. ಹಸಿವಾಯಿತು. ಇಲ್ಲೇ ಊಟ ಎಂದರು. ಅಡುಗೆ ಅಂದು ಹುಡುಗರದೇ.

ಹಜಾರದ ಸಾಲಿನಲ್ಲಿ ಮೇಷ್ಟ್ರಿಗೂ ಜವರಪ್ಪನಿಗೂ ನಡುವೆ ಮಂತ್ರಿಗಳು ಚಕ್ಕಳಮಕ್ಕಳ ಹಾಕಿ ಕೂತರು. ಅತ್ತಿತ್ತ ನೋಡಿ ಗದ್ಗದಿತರಾದರು.

"ಭೇಷ್ ದೊರೆಸ್ವಾಮಿ! ಈ ಸಹಪಂಕ್ತಿ ಯಾವಾಗಿನಿಂದ?"

"ಮೊದಲಿನಿಂದಲೂ ಸಾರ್," ಎಂದರು ಮೇಷ್ಟ್ರು.

ಜವರಪ್ಪ ಬಾಯಲ್ಲಿದ್ದ ಮುದ್ದೆ ನುಂಗಿ, "ನೆನ್ನೆ ಮಧ್ಯಾಹ್ನದಿಂದ ಸ್ವಾಮಿ," ಎಂದ.