ಐವತ್ತನಾಲ್ಕರ ಸೊಂಟ

“ಮುಂಡೇವಾ, ಮೊದ್ಲು ಬಾಯಿ ಹೊಲ್ಕೊಳ್ರೇ, ಆಮೇಲೆ ಬಟ್ಟೆ!” ಎಂದು ಮೇಸ್ತ್ರಿ ಒದರಿದ.

ಒದರಲು ಕಾರಣವಿತ್ತು. ಜೈಲಿನ ಕೈದಿಗಳಿಗೆ ಪಟ್ಟೆಪಟ್ಟೆ ಅಂಗಿ, ಚಡ್ಡಿ ಹೊಲಿಯುವ ಆ ಶೆಡ್ಡಿನಲ್ಲಿ ಕಾಜಾ ಅಕ್ಕ ಗೋಡೆಯ ಮೇಲಿನ ಅಳತೆಪಟ್ಟಿ ತೋರಿಸಿ ಕೇಳಿದ್ದಳು: “ಅಲ್ಲಾ ಮೇಸ್ತ್ರಿ, ಸೊಂಟದ ಅಳತೆ ಮೂವತ್ತಾರಕ್ಕೇ ನಿಂತೋಗಿದೆಯಲ್ಲ, ಹೊಟ್ಟೆ ಇರೋರು ಯಾರೂ ಕಳ್ಳತನಾನೇ ಮಾಡಲ್ವಾ?” ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ಗುಂಡಿಗೆ ಕಾಜಾ ಹೊಲಿಯುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ, ಹೆಸರು ಹಾಗೆ ಬಂತು. ನಾಲಿಗೆಯಲ್ಲಂತೂ ಕೇಳಲೇಬೇಡಿ.

ಆದರೆ ಆ ದಿನ ಅವಳ ನಗು ಗಂಟಲಿನಿಂದ ಕೆಳಗೆ ಇಳಿದಿರಲಿಲ್ಲ. ಎರಡು ವರ್ಷದ ಹಿಂದೆ ಹಳೇ ಶೆಡ್ಡಿನ ಸೂರು ಕುಸಿದು ಅವಳ ತಂಗಿ ಕೂತಲ್ಲೇ, ಮಿಷನ್ನಿನ ಮೇಲೆಯೇ ಸತ್ತಿದ್ದಳು. ಆ ಕಟ್ಟಡ ಊರಿನ ಮಂತ್ರಿಯೊಬ್ಬನದು. ಸೂರು ಬಿರುಕು ಬಿಟ್ಟಿದೆಯೆಂದು ಹೆಂಗಸರು ಕೊಟ್ಟ ಅರ್ಜಿಯನ್ನು ಹರಿದೆಸೆದವನೂ ಅವನೇ. ಅದನ್ನು ಕಣ್ಣಾರೆ ಕಂಡವಳು ಅಕ್ಕ, ಕಟಕಟೆ ಹತ್ತಿ ಹೇಳುವ ದಿನಕ್ಕಾಗಿ ಕಾದಿದ್ದಳು. ಮೊನ್ನೆ ಸರ್ಕಾರ ‘ಸಾರ್ವಜನಿಕ ಹಿತದೃಷ್ಟಿಯಿಂದ’ ಅವನ ಮೇಲಿನ ಮೊಕದ್ದಮೆಯನ್ನೇ ವಾಪಸು ಪಡೆಯಿತು. ನಾಳಿದ್ದು ಅದೇ ಮಂತ್ರಿಗೆ ಇದೇ ಶೆಡ್ಡಿನಲ್ಲಿ ಸನ್ಮಾನ.

ಉಡುಗೊರೆಗೆ ರೇಷ್ಮೆ ಕೋಟು ಹೊಲಿಸಬೇಕೆಂದು ಶೆಡ್ಡು ನಡೆಸುವ ಮಾಲೀಕರು ಅಳತೆ ತರಲು ಕಾಜಾ ಅಕ್ಕನನ್ನೇ ಕಳಿಸಿದರು.

ಮಂತ್ರಿ ಫೋನಿನಲ್ಲಿ ಮಾತಾಡುತ್ತಲೇ ಒಂದು ಕೈ ಎತ್ತಿ ನಿಂತ. ಟೇಪು ಹೊಟ್ಟೆಯನ್ನು ಮುಟ್ಟುತ್ತಲೇ ಮುಖ ಸಿಂಡರಿಸಿ, “ಏಯ್, ಕೈ ತೊಳ್ಕೊಂಡಿದ್ದೀಯೇನೇ?” ಎಂದ.

“ತೊಳ್ಕೊಂಡಿದ್ದೀನಿ ಸಾಹೇಬ್ರೇ. ನಿಮ್ಮಷ್ಟು ಸಲೀಸಾಗಿ ತೊಳ್ಕೊಳೋಕೆ ಬರಲ್ಲ.”

ಮಂತ್ರಿ ಕೇಳಿಸಿಕೊಳ್ಳಲೇ ಇಲ್ಲ. “ಅಯ್ಯೋ, ಆ ಕೇಸಾ? ಒಂದು ಕೂದಲೂ ಕೊಂಕಲಿಲ್ಲ ಬಿಡಿ” ಎಂದು ಫೋನಿನಲ್ಲಿ ನಗುತ್ತಿದ್ದ. ಸೊಂಟ ಐವತ್ತನಾಲ್ಕು ಎಂದು ಬರೆದುಕೊಂಡು ಅಕ್ಕ ಟೇಪು ಸುತ್ತಿಕೊಂಡಳು.

ಶೆಡ್ಡಿಗೆ ಬಂದವಳೇ ಬಟ್ಟೆ ಕತ್ತರಿಸುವ ಮುದುಕನ ಹತ್ತಿರ ಹೋದಳು. “ಮಾವಾ, ಪಟ್ಟೆ ಬಟ್ಟೇಲಿ ಒಂದು ಜೊತೆ, ಐವತ್ತನಾಲ್ಕಕ್ಕೆ.”

“ಕೆಲಸ ಹೋಗುತ್ತೆ ಕಣವ್ವಾ.”

“ತಂಗಿ ಹೋದ್ಳು, ಕೇಸು ಹೋಯ್ತು. ಇದೊಂದು ಉಳ್ಕೊಂಡು ಏನು ಮಾಡ್ಬೇಕು?”

ಮಾವ ಕತ್ತರಿ ಎತ್ತಿಕೊಂಡ. ತೋಳು ಒಬ್ಬಳು, ಜೇಬು ಒಬ್ಬಳು, ಚಡ್ಡಿಗೆ ಇಬ್ಬರು. ಊಟದ ಹೊತ್ತಿನಲ್ಲಿ ಶೆಡ್ಡು ಮದುವೆಮನೆಯಾಯಿತು. ಕಾಜಾಗಳನ್ನು ಮಾತ್ರ ಅಕ್ಕ ಯಾರಿಗೂ ಬಿಟ್ಟುಕೊಡಲಿಲ್ಲ.

ಸನ್ಮಾನದ ದಿನ ಮಂತ್ರಿ ಕ್ಯಾಮೆರಾಗಳಿಗೆ ಹಲ್ಲು ಕಿರಿಯುತ್ತ ಉಡುಗೊರೆಯ ಡಬ್ಬಿ ತೆರೆದ. ಕೈಗೆ ಸಿಕ್ಕಿದ್ದನ್ನು ನೋಡದೆಯೇ ಎರಡೂ ಭುಜ ಹಿಡಿದು ಎತ್ತಿ ತೋರಿಸಿದ. ಪಟಪಟನೆ ಫೋಟೋ ಬಿದ್ದವು. ಮೊದಲು ಮಾವ ಕಿಸಕ್ಕೆಂದ. ಆಮೇಲೆ ಇಡೀ ಶೆಡ್ಡು ಹೊಟ್ಟೆ ಹಿಡಿದುಕೊಂಡಿತು.

“ಯಾವಳೇ ಇದನ್ನ ಹೊಲಿದ ಲೌಡಿ?” ಮೇಸ್ತ್ರಿ ಚೀರಿದ.

ಕಾಜಾ ಅಕ್ಕ ಕೊರಳಲ್ಲಿ ಟೇಪು ಹಾಕಿಕೊಂಡೇ ಎದ್ದು ನಿಂತಳು.

“ನಾನೇ. ಸಾಹೇಬ್ರೇ, ಬೆಳಿಗ್ಗೆ ಮೇಲಿನ ಕೋರ್ಟಿಗೆ ಅರ್ಜಿ ಹಾಕ್ಬಿಟ್ಟು ಬಂದೆ. ಎಷ್ಟು ವರ್ಷ ಹಿಡಿಯುತ್ತೋ ಏನೋ, ಅಷ್ಟರಲ್ಲಿ ನೀವು ಇನ್ನೂ ದಪ್ಪ ಆಗ್ತೀರಲ್ಲ. ಬಿಚ್ಚಿ ಅಗಲ ಮಾಡೋಕೆ ಒಳಗಡೆ ಎರಡಿಂಚು ಬಟ್ಟೆ ಬಿಟ್ಟಿದ್ದೀನಿ.”