ಒಲೆಯ ದಿಕ್ಕು

ಜಕ್ಕೂರಿನ ಹಳೇ ಊರಿನಲ್ಲಿ ಕಲಾವತಿಯ ಮನೆಗೂ ಅಕ್ಷಯಾಳ ಬಾಡಿಗೆ ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಅದು ಎಷ್ಟು ತೆಳ್ಳಗಿತ್ತೆಂದರೆ ಕಲಾವತಿ ಯಾವಾಗ ಎದ್ದಳು, ಒಗ್ಗರಣೆಗೆ ಏನು ಹಾಕಿದಳು, ಗಂಡನ ಮೇಲೆ ಯಾವುದಕ್ಕೆ ರೇಗಿದಳು ಎಲ್ಲವೂ ಅಕ್ಷಯಾಳಿಗೆ ತಿಳಿಯುತ್ತಿತ್ತು. ಈ ಕಡೆಯಿಂದ ಆ ಕಡೆಗೆ ಮಾತ್ರ ಏನೂ ಕೇಳಿಸುತ್ತಿರಲಿಲ್ಲ. ಕೇಳಿಸುವಂಥದ್ದು ಏನೂ ಇರಲೂ ಇಲ್ಲ. ಅಣ್ಣ ಹೇಮಂತನಿಗೆ ಯಲಹಂಕದ ಕಾರ್ಖಾನೆಯೊಂದರಲ್ಲಿ ರಾತ್ರಿ ಪಾಳಿ. ಬೆಳಿಗ್ಗೆ ಬಂದು ಉಂಡು ಮಲಗಿದನೆಂದರೆ ಸಂಜೆಯವರೆಗೆ ಮನೆಯಲ್ಲಿ ಲೋಟವೂ ಸದ್ದು ಮಾಡುವಂತಿಲ್ಲ. ಅಕ್ಷಯಾ ಹೊಸ್ತಿಲ ಬಳಿ ಬೆಳಕಿಗೆ ಕೂತು ಅವರಿವರ ಸೀರೆ ಸೆರಗಿಗೆ ಕುಚ್ಚು ಕಟ್ಟುತ್ತಿದ್ದಳು. ಕುಚ್ಚು ಕಟ್ಟುವ ಕೆಲಸಕ್ಕೆ ಸದ್ದಿಲ್ಲ.

ಅವಳು ಬಾದಾಮಿ ಕಡೆಯವಳು. ಒಂಬತ್ತನೇ ತರಗತಿಯಲ್ಲಿದ್ದಾಗ ಅವ್ವ ಹಾಸಿಗೆ ಹಿಡಿದಳು, ಶಾಲೆ ಅಲ್ಲಿಗೆ ನಿಂತಿತು. ಅವ್ವ ಹೋದ ಮೇಲೆ ಅಣ್ಣನಿಗೆ ರೊಟ್ಟಿ ಬಡಿದು ಹಾಕಲು ಇಲ್ಲಿಗೆ ಬಂದಳು. ಇಲ್ಲಿ ಅಂಗಡಿಯಲ್ಲಿ ಬಾಯಿ ಬಿಟ್ಟರೆ ಅವಳ ಮಾತಿನ ರಾಗಕ್ಕೆ ಜನ ತಿರುಗಿ ನೋಡುತ್ತಿದ್ದರು. ಹಾಗಾಗಿ ಬೇಕಾದ್ದನ್ನು ಬೆರಳು ಮಾಡಿ ತೋರಿಸಿ ತರುವುದು ರೂಢಿಯಾಯಿತು. ಇಡೀ ವಾರದಲ್ಲಿ ಅವಳನ್ನು ಹೆಸರು ಹಿಡಿದು ಕೂಗುತ್ತಿದ್ದದ್ದು ಒಬ್ಬಳೇ, ಅದೂ ಭಾನುವಾರ.

"ಅಕ್ಷಯಾ! ಏ ಅಕ್ಷಯಾ! ಬಾರೇ ಬೇಗ, ಕಾರ್ ಬಂತು!"

ಕಾರು ಮನೆ ಮಾರುವ ಕಂಪನಿಯದು. ಕಲಾವತಿಯ ತವರಿನ ಜಮೀನು ಭಾಗವಾಗಿ ಅವಳ ಕೈಗೂ ಒಂದಿಷ್ಟು ಬಂದಿತ್ತು. ಮಗಳು ಮದುವೆಯಾಗಿ ಹೊಸಕೋಟೆಗೆ ಹೋದ ಮೇಲಂತೂ ಅವಳಿಗೆ ಹೊಸ ಮನೆಯ ಗೀಳೇ ಹತ್ತಿಬಿಟ್ಟಿತು. ಗಂಡ ಮುನೀಂದ್ರನಿಗೆ ನೀರಿನ ಟ್ಯಾಂಕರಿನ ವ್ಯವಹಾರ, ಭಾನುವಾರವೂ ಬಿಡುವಿಲ್ಲ. "ನೀನು ನೋಡಿ ಒಪ್ಕೊ, ಆಮೇಲೆ ನಾನು ಬರ್ತೀನಿ" ಎಂದಿದ್ದ. ಒಬ್ಬಳೇ ಹೋಗಲು ಸಂಕೋಚವಾಗಿ ಕಲಾವತಿ ಪಕ್ಕದ ಮನೆಯ ಹುಡುಗಿಯನ್ನು ಜೊತೆಗೆ ಕರೆದಳು. ಒಂದು ಫೋನ್ ಮಾಡಿದರೆ ಸಾಕು, ಎಸಿ ಕಾರು ಬಾಗಿಲಿಗೆ ಬಂದು ಕರೆದೊಯ್ದು, ಮಾದರಿ ಮನೆ ತೋರಿಸಿ, ಕಾಫಿ ಬಿಸ್ಕತ್ತು ಕೊಟ್ಟು ವಾಪಸು ತಂದು ಬಿಡುತ್ತಿತ್ತು.

ಮಾದರಿ ಮನೆಯೆಂದರೆ, ನಿಜವಾದ ಕಟ್ಟಡ ಹಿಂದೆ ಏಳುತ್ತಿರುವಾಗ ರಸ್ತೆ ಪಕ್ಕದ ಶೆಡ್ಡಿನಲ್ಲಿ ಜನರಿಗೆ ತೋರಿಸಲೆಂದೇ ಕಟ್ಟಿದ ಒಂದು ಮನೆ. ಮೇಜಿನ ಮೇಲೆ ತಟ್ಟೆ ಲೋಟ ಜೋಡಿಸಿರುತ್ತಾರೆ, ಊಟಕ್ಕೆ ಯಾರೂ ಬರುವುದಿಲ್ಲ. ಗೋಡೆಯ ಫೋಟೋದಲ್ಲಿ ಗಂಡ, ಹೆಂಡತಿ, ಮಗು ನಗುತ್ತಿರುತ್ತಾರೆ, ಅವರು ಯಾರ ಕಡೆಯವರೂ ಅಲ್ಲ. ಅಕ್ಷಯಾ ಬುಟ್ಟಿಯಲ್ಲಿದ್ದ ಸೇಬನ್ನು ಮೊದಲ ಸಲ ಮುಟ್ಟಿ ನೋಡಿದಾಗ ಬೆರಳಿಗೆ ಧೂಳು ಹತ್ತಿತು. ಯಾರಾದರೂ ನೋಡಿದರೇನೋ ಎಂದು ಬೆರಳನ್ನು ದುಪಟ್ಟಾದಲ್ಲಿ ಒರೆಸಿಕೊಂಡಳು.

"ಲೇಕ್ ವ್ಯೂ ಮ್ಯಾಮ್," ಎಂದಿದ್ದ ಅವತ್ತು ಮನೆ ತೋರಿಸುತ್ತಿದ್ದ ಟೈ ಕಟ್ಟಿದವನು. "ಬಾಲ್ಕನೀಲಿ ಕೂತ್ರೆ ಪೂರ್ತಿ ಜಕ್ಕೂರು ಕೆರೆ ಕಾಣುತ್ತೆ. ಅದಕ್ಕೇ ಎರಡೂವರೆ ಕೋಟಿ."

"ಆ ಕೆರೇಲಿ ನಾನು ಎಮ್ಮೆ ಮೈ ತೊಳ್ದಿದೀನಿ ಕಣಪ್ಪ," ಎಂದಳು ಕಲಾವತಿ. "ಆವಾಗ ಯಾರೂ ಕಾಸು ಕೇಳ್ಲಿಲ್ಲ. ಎರಡೂವರೆ ಕೋಟಿ ಕೊಟ್ರೆ ಕೆರೇನೂ ನನ್ನೆಸ್ರಿಗೆ ಬರ್ಕೊಡ್ತೀರಾ?"

"ಅದು ಕಾಮನ್ ಏರಿಯಾ ಮ್ಯಾಮ್."

"ಅಂಗಂದ್ರೆ ನೋಡಕ್ಕೆ ಮಾತ್ರ ದುಡ್ಡು ಅನ್ನು!"

ಅಷ್ಟರಲ್ಲಿ ಅಕ್ಷಯಾ ಮಲಗುವ ಕೋಣೆಯ ಚೌಕಟ್ಟಿನ ಬಳಿ ನಿಂತಿದ್ದಳು. ಅವಳು ಮೆಲ್ಲಗೆ ಕಲಾವತಿಯ ಸೆರಗು ಜಗ್ಗಿ ಕಿವಿಯಲ್ಲಿ ಹೇಳಿದಳು, "ಅಕ್ಕಾರ, ಈ ಖೋಲಿಗೆ ಬಾಗ್ಲಾನ ಇಲ್ರೀ. ಬಾಗ್ಲಾ ಹಚ್ಚಿದ್ರ ಮಂಚಕ್ಕ ಬಡೀತೈತಿ. ಮಂಚಾನೂ ಗಿಡ್ಡ ಐತಿ, ಮಲ್ಕೊಂಡ್ರ ಕಾಲು ಹೊರಗ."

ಕಲಾವತಿ ಒಮ್ಮೆ ಮಂಚ ನೋಡಿದಳು, ಒಮ್ಮೆ ಟೈ ಕಟ್ಟಿದವನನ್ನು ನೋಡಿದಳು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅಂದು ಸಂಜೆ ಗೋಡೆಯಾಚೆ ಗಂಡನಿಗೆ ಹೇಳುತ್ತಿದ್ದಳು: "ಆ ಹುಡುಗಿ ಕಣ್ಣು ಅಂದ್ರೆ ಕಣ್ಣು ಕಣ್ರೀ. ಬಾಯಿ ಬಿಡಲ್ಲ ಅಷ್ಟೆ, ಒಂದೂ ಬಿಡದಂಗೆ ನೋಡ್ತದೆ."

ಈ ಕಡೆ ಅಕ್ಷಯಾ ಕೈಯಲ್ಲಿದ್ದ ರೇಷ್ಮೆ ದಾರವನ್ನು ಹಾಗೇ ಹಿಡಿದು ಕೂತಿದ್ದಳು. ಆ ಮಾತು ಮುಗಿದು, ಟಿವಿಯ ಸದ್ದು ಶುರುವಾದ ಮೇಲೂ ಗಂಟು ಹಾಕಲಿಲ್ಲ.

ಮುಂದಿನ ಭಾನುವಾರದಿಂದ ಕಲಾವತಿ ಮನೆ ನೋಡುವ ಮುಂಚೆ ಅವಳ ಮುಖ ನೋಡತೊಡಗಿದಳು. ಅಕ್ಷಯಾ ಪ್ರತಿ ಮನೆಯಲ್ಲೂ ಏನಾದರೊಂದು ಹುಡುಕಿ ಕೊಟ್ಟಳು. ಒಂದರಲ್ಲಿ ಬಟ್ಟೆ ಒಣಗಿಸಲು ಜಾಗವಿರಲಿಲ್ಲ. ಇನ್ನೊಂದರಲ್ಲಿ ದೇವರ ಗೂಡು ಬಚ್ಚಲಿನ ಗೋಡೆಗೆ ಅಂಟಿಕೊಂಡಿತ್ತು. ಮೊದಮೊದಲು ಅವು ಕಣ್ಣಿಗೆ ತಾವಾಗಿಯೇ ಬೀಳುತ್ತಿದ್ದವು. ಬರುಬರುತ್ತ ಅವಳೇ ಹುಡುಕಿಕೊಂಡು ಹೋಗತೊಡಗಿದಳು. ಕಲಾವತಿಗೆ ಒಂದು ಮನೆ ಒಪ್ಪಿಗೆಯಾಯಿತೆಂದರೆ ಭಾನುವಾರ ಹೆಸರು ಹಿಡಿದು ಕೂಗುವವರಿಲ್ಲ, ಗೋಡೆಯಾಚೆ ಒಗ್ಗರಣೆಯ ಸದ್ದೂ ಇಲ್ಲ. ಇದು ಅವಳಿಗೆ ಗೊತ್ತಿತ್ತು.

ಯಲಹಂಕದ ದಾರಿಯಲ್ಲಿದ್ದ ಮಾದರಿ ಮನೆಯೊಂದಕ್ಕೆ ಹೋದದ್ದು ಒಂದು ಸಂಜೆ. ಶೆಡ್ಡಿನ ಹಿಂದೆ ನಿಜವಾದ ಕಟ್ಟಡ ಮುಗಿದು ಬಣ್ಣವೊಂದೇ ಬಾಕಿಯಿತ್ತು. ಮನೆ ತೋರಿಸಿದವಳು ಪದ್ಮಶ್ರೀ ಎಂಬ ಹುಡುಗಿ, ಅಕ್ಷಯಾಳದೇ ವಯಸ್ಸು, ಬಿಳಿ ಅಂಗಿ, ಕುತ್ತಿಗೆಯಲ್ಲಿ ಕಂಪನಿಯ ಬಿಲ್ಲೆ. ಇಂಗ್ಲಿಷು ಬೆರೆಸಿ ಪಟಪಟ ಮಾತಾಡುತ್ತಿದ್ದವಳಿಗೆ ನಡುವೆ ಫೋನು ಬಂತು. ಪಕ್ಕಕ್ಕೆ ತಿರುಗಿ, "ಉಂಡೀನಬೇ, ಕೆಲಸದಾಗ ಅದೀನಿ, ಆಮ್ಯಾಗ ಹಚ್ತೀನಿ" ಎಂದು ಇಟ್ಟುಬಿಟ್ಟಳು. ಅದು ಅಕ್ಷಯಾಳ ಊರ ಕಡೆಯದೇ ಮಾತು. ಯಾವೂರು ಎಂದು ಕೇಳಬೇಕೆನಿಸಿತು. ಆದರೆ ಪದ್ಮಶ್ರೀ ತಿರುಗಿದಾಗ ಅವಳ ಮುಖದಲ್ಲಿ ಮೊದಲಿನ ನಗುವೇ ಬಂದು ಕೂತಿತ್ತು. "ಮ್ಯಾಮ್, ನೀವು ನೋಡ್ತಿರಿ, ನಾನು ಕಾಫಿ ಹೇಳಿ ಬರ್ತೀನಿ" ಎಂದು ಹೊರಟುಹೋದಳು.

ಆ ಮನೆಯಲ್ಲಿ ಐಬೇ ಇರಲಿಲ್ಲ. ಬಾಗಿಲುಗಳಿದ್ದವು. ಮಂಚ ಮಂಚದಷ್ಟೇ ಉದ್ದವಿತ್ತು. ಕಲಾವತಿ ಅಡುಗೆಮನೆಗೆ ಹೋಗಿ ಕಟ್ಟೆಯ ಮೇಲೆ ಎರಡೂ ಅಂಗೈ ಊರಿ ನಿಂತಳು. ಬೇರೆ ಮನೆಗಳಲ್ಲಿ ಮಾಡಿದಂತೆ ಬೆಲೆ ಕೇಳಿ ಹುಬ್ಬೇರಿಸಲಿಲ್ಲ, ತಮಾಷೆ ಮಾಡಲಿಲ್ಲ.

"ಇಲ್ಲಿ ಸಾಂಬಾರ್ ಡಬ್ಬಿ," ಎಂದಳು ಮೆಲ್ಲಗೆ, ತನಗೆ ತಾನೇ. "ಇಲ್ಲಿ ಮಿಕ್ಸಿ. ಮಗಳು ಬಂದ್ರೆ ಆ ರೂಮು. ಅವಳ ಕೂಸನ್ನ ಈ ಕಟ್ಟೆ ಮೇಲೆ ಕೂರಿಸ್ಕೊಂಡು ತಿನ್ನಿಸ್ಬೋದು. ಇವ್ರು ಪೇಪರ್ ಓದಕ್ಕೆ ಆ ಬಾಲ್ಕನಿ."

ಅಕ್ಷಯಾ ಕಾದಳು. ಡಬ್ಬಿಗೆ ಜಾಗ ಸಿಕ್ಕಿತು, ಮಿಕ್ಸಿಗೆ ಸಿಕ್ಕಿತು, ಮಗಳಿಗೂ ಮೊಮ್ಮಗುವಿಗೂ ಸಿಕ್ಕಿತು. ಕಲಾವತಿಯ ಮಾತು ಅಲ್ಲಿಗೆ ಮುಗಿಯಿತು.

"ಏನೇ, ನಿನ್ ಕಣ್ಣಿಗೇನಾದ್ರೂ ಬೀಳ್ತದಾ? ಇದ್ರೆ ಈಗ್ಲೇ ಅಂದ್ಬಿಡು, ನಾಳೆನೇ ಇವ್ರನ್ನ ಕರ್ಕೊಂಡು ಬರ್ತೀನಿ."

ಕಿಟಕಿಯಿಂದ ಸಂಜೆಯ ಬಿಸಿಲು ಕಲಾವತಿಯ ಬಲಗೆನ್ನೆಯ ಮೇಲೆ ಬಿದ್ದಿತ್ತು.

"ಒಲಿ ದಕ್ಷಿಣಕ್ಕ ಐತಲ್ರೀ ಅಕ್ಕಾರ," ಎಂದಳು ಅಕ್ಷಯಾ. "ಹೊತ್ತು ಮುಳುಗೂದು ಬಲಕ್ಕ ಐತಿ, ನೋಡ್ರಿ."

ಕಲಾವತಿ ಬಿಸಿ ತಾಕಿದಂತೆ ಕಟ್ಟೆಯಿಂದ ಕೈ ತೆಗೆದಳು. ಅವಳು ಮದುವೆಯಾಗಿ ಬಂದಾಗ ಗಂಡನ ಮನೆಯ ಒಲೆ ದಕ್ಷಿಣಕ್ಕಿತ್ತು. ಮನೆಗೆ ಬಂದ ಕಷ್ಟಕ್ಕೆಲ್ಲ ಅದೇ ಕಾರಣವೆಂದು ಅತ್ತೆ ಗೋಪಾಲಮ್ಮ ಗೋಳಾಡಿ, ಕೊನೆಗೆ ಒಲೆ ಒಡೆಸಿ ಪೂರ್ವಕ್ಕೆ ಹಾಕಿಸಿದ್ದಳು. ಅಂದಿನಿಂದ ಕಲಾವತಿ ದಕ್ಷಿಣಕ್ಕೆ ಮುಖ ಮಾಡಿ ಒಂದು ಲೋಟ ಹಾಲೂ ಕಾಯಿಸಿದವಳಲ್ಲ. ಇದನ್ನು ಅಕ್ಷಯಾಳಿಗೆ ಅವಳೇ ಎಷ್ಟೋ ಸಲ ಹೇಳಿದ್ದಳು.

ಕಾಫಿ ಬರುವ ಮುಂಚೆಯೇ ಇಬ್ಬರೂ ಹೊರಟರು. ಶೆಡ್ಡಿನ ಬಾಗಿಲಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಆ ಕಟ್ಟಡದ ಆಟಿಕೆಯಂಥ ರೂಪವಿತ್ತು. ಅದರ ಮೂಲೆಯಲ್ಲಿ ಉತ್ತರ ಯಾವ ಕಡೆ ಎಂದು ಕೆಂಪು ಬಾಣ. ನಿಜವಾದ ಕಟ್ಟಡ ಶೆಡ್ಡಿಗಿಂತ ಬೇರೆಯೇ ದಿಕ್ಕಿಗೆ ತಿರುಗಿತ್ತು. ಅಲ್ಲಿ ಒಲೆ ಪೂರ್ವಕ್ಕೇ ಬರುತ್ತಿತ್ತು. ಒಳಗೆ ಬರುವಾಗಲೇ ಅಕ್ಷಯಾ ಅದನ್ನು ನೋಡಿಕೊಂಡಿದ್ದಳು. ಈಗ ಅದರ ಪಕ್ಕದಿಂದ ತಲೆ ತಗ್ಗಿಸಿ ದಾಟಿದಳು.

ಕಲಾವತಿ ಕಾರಿನಿಂದ ಇಳಿಯುವಾಗ, "ಸಾಕು ಬಿಡೇ. ನನ್ನಣೇಲಿ ಹೊಸ ಮನೆ ಬರ್ದಿಲ್ಲ ಅಂತ ಕಾಣ್ತದೆ" ಎಂದಳಷ್ಟೇ.

ಆ ಮುಂದಿನ ಭಾನುವಾರ ಅಕ್ಷಯಾ ತಲೆ ಬಾಚಿಕೊಂಡು ಹೊಸ್ತಿಲಲ್ಲಿ ಕೂತಳು. ಕಾರು ಬರಲಿಲ್ಲ. ಅದರ ಮುಂದಿನ ವಾರವೂ ಬರಲಿಲ್ಲ. ಕಂಪನಿಯವರ ಫೋನು ಬಂದರೆ ಕಲಾವತಿ, "ಬೇಡಪ್ಪ, ಇಟ್ಬಿಡು" ಎನ್ನುವುದು ಗೋಡೆಯಾಚೆಯಿಂದ ಕೇಳುತ್ತಿತ್ತು. ಪಾತ್ರೆಗಳ ಸದ್ದು ಇತ್ತು, ಮಾತು ಕಡಿಮೆಯಾಗಿತ್ತು. ಅಕ್ಷಯಾ ಬಯಸಿದಂತೆ ಕಲಾವತಿ ಎಲ್ಲಿಗೂ ಹೋಗಲಿಲ್ಲ. ಗೋಡೆಯಾಚೆಯೇ ಉಳಿದಳು, ಬರಿಯ ಗೋಡೆಯಾಚೆ. ಅಕ್ಷಯಾಳ ಹೆಸರನ್ನು ಯಾರೂ ಕೂಗಲಿಲ್ಲ. ಒಂದು ಮಧ್ಯಾಹ್ನ ಅವಳು ಕುಚ್ಚಿನ ಗಂಟು ಎಣಿಸುತ್ತಿದ್ದಾಗ ತನ್ನ ದನಿಯನ್ನೇ ಕೇಳಿ ಬೆಚ್ಚಿದಳು.

ಹೀಗಿರುವಾಗ ಒಂದು ದಿನ ಬಾಗಿಲು ಸದ್ದಾಯಿತು. ಆ ವಾರ ಪಾಳಿ ಬದಲಾಗಿ ಹೇಮಂತ ಹಗಲು ಕೆಲಸಕ್ಕೆ ಹೋಗಿದ್ದ. ನೋಡಿದರೆ ಕಲಾವತಿ, ಕೈಯಲ್ಲಿ ಮುಚ್ಚಿದ ಬಟ್ಟಲು. ಕಾಂಪೌಂಡಿನಾಚೆಯಿಂದಲೇ ಕೂಗಿ ಕರೆಯುತ್ತಿದ್ದವಳು ಈ ಮನೆಯೊಳಗೆ ಕಾಲಿಟ್ಟದ್ದು ಅದೇ ಮೊದಲು. ಅಕ್ಷಯಾ ಇದ್ದೊಂದು ಕುರ್ಚಿಯ ಮೇಲಿನ ಸೀರೆಗಳನ್ನು ಎತ್ತುವಷ್ಟರಲ್ಲಿ ಕಲಾವತಿ ಅಡುಗೆಮನೆಯ ಬಾಗಿಲ ಬಳಿ ನೆಲದ ಮೇಲೆಯೇ ಕೂತುಬಿಟ್ಟಳು.

"ಒಬ್ಬಟ್ಟು. ಬಿಸಿ ಐತೆ, ತಿನ್ನು. ಮನೆ ಬುಕ್ ಮಾಡಿದ್ವಿ ಕಣೇ!"

"ಯಾವ ಮನೀರೀ?"

"ಅದೇ, ಯಲಹಂಕ ರೋಡಿಂದು. ನಾನು ಮಂಕಾಗಿ ಕೂತಿದ್ದು ನೋಡಲಾರ್ದೆ ಇವ್ರೇ ಓಗಿ ವಿಚಾರಿಸ್ಕೊಂಡು ಬಂದ್ರು. ಆ ಶೆಡ್ಡೇ ಓರೆಯಂತೆ. ನಿಜವಾದ ಮನೇಲಿ ಒಲೆ ಪೂರ್ವಕ್ಕೇ ಐತೆ. ಬಾಗ್ಲಲ್ಲೇ ಕೆಂಪು ಬಾಣ ಬೇರೆ ಹಾಕವ್ರಂತೆ."

ಅಕ್ಷಯಾ ಬಟ್ಟಲು ಹಿಡಿದು ನಿಂತೇ ಇದ್ದಳು.

"ಆ ಹುಡುಗಿ ಕಣ್ಣಿಗೆ ಬಾಣ ಬೀಳ್ದೆ ಇರ್ತದಾ ಅಂದ್ರು ಇವ್ರು," ಎಂದಳು ಕಲಾವತಿ, ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ. "ಸುಮ್ನಿರಿ, ಮಗು ಅದು, ಏನೋ ಅಂದ್ಬಿಡ್ತು ಅಂದೆ."

ಅಕ್ಷಯಾ ಬಟ್ಟಲನ್ನು ಕಟ್ಟೆಯ ಮೇಲೆ ಇಟ್ಟಳು. ಕಲಾವತಿ ಉತ್ತರಕ್ಕೆ ಕಾಯಲಿಲ್ಲ. ಅವಳ ಕಣ್ಣು ಅಡುಗೆ ಕಟ್ಟೆಯ ಮೇಲೆ ನಿಂತಿತ್ತು.

"ಅಯ್ಯೋ! ನಿನ್ನ ಒಲೆನೇ ದಕ್ಷಿಣಕ್ಕೈತಲ್ಲೇ!"

"ಬಂದಾಗಿಂದ ಹಂಗ ಐತ್ರಿ."

"ಅದಕ್ಕೇ ನೋಡು," ಎಂದಳು ಕಲಾವತಿ. ಯಾವುದಕ್ಕೆ ಎಂದು ಹೇಳಲಿಲ್ಲ. ಎದ್ದು ಸೊಂಟಕ್ಕೆ ಸೆರಗು ಸಿಕ್ಕಿಸಿ, ತಾನೇ ಒಲೆಯನ್ನು ಎತ್ತಿ ಅಡ್ಡ ತಿರುಗಿಸಿದಳು. ಗ್ಯಾಸಿನ ಪೈಪು ಬಿಗಿಯಾದರೂ ಎಟುಕಿತು. "ಇನ್ಮೇಲೆ ಈ ತುದೀಲಿ ನಿಂತ್ಕೊಂಡು ಮಾಡು. ಪೂರ್ವಕ್ಕೆ ಮುಖ ಬರ್ತದೆ, ಒಳ್ಳೇದಾಗ್ತದೆ. ಶ್ರಾವಣದಲ್ಲಿ ಹಾಲು ಉಕ್ಕಿಸೋದು. ನೀನು ಬರ್ಲೇಬೇಕು, ತಪ್ಪಿಸ್ಬೇಡ. ಗೇಟಲ್ಲಿ ನನ್ನೆಸ್ರು ಹೇಳು, ಅವ್ರು ಫೋನ್ ಮಾಡಿ ಕೇಳಿ ಬಿಡ್ತಾರೆ."

"ಹೂನ್ರಿ ಅಕ್ಕಾರ."

ಕಲಾವತಿ ಅವಳ ಕೆನ್ನೆ ತಟ್ಟಿ ಹೋದಳು.

ಸಂಜೆ ಅಣ್ಣ ಬರುವ ಹೊತ್ತಿಗೆಂದು ಅಕ್ಷಯಾ ಹಿಟ್ಟು ನಾದಿಕೊಂಡು ಕಟ್ಟೆಯ ತುದಿಯಲ್ಲಿ ನಿಂತಳು. ಇಷ್ಟು ದಿನ ಕಣ್ಣೆದುರು ಕಿಟಕಿಯಿತ್ತು, ಹೋಗಿಬರುವವರ ತಲೆಯಾದರೂ ಕಾಣುತ್ತಿತ್ತು. ಈಗ ಎದುರಿಗೆ ಇರುವುದು ಅದೇ ಗೋಡೆ. ಅದರಾಚೆ ಕಲಾವತಿ ಅಟ್ಟದಿಂದ ಹಿತ್ತಾಳೆ ಪಾತ್ರೆಗಳನ್ನು ಇಳಿಸುತ್ತಿದ್ದಳು, ಯಾವುದನ್ನು ಒಯ್ಯುವುದು, ಯಾವುದನ್ನು ಬಿಡುವುದು ಎಂದು ಗಂಡನನ್ನು ಕೇಳುತ್ತಿದ್ದಳು.

ಮನೆಯಲ್ಲಿ ಯಾರೂ ಮಲಗಿರಲಿಲ್ಲ. ಅಕ್ಷಯಾ ರೊಟ್ಟಿ ಬಡಿಯಲು ಶುರುಮಾಡಿದಳು. ಎಂದಿನಂತೆ ಮೆತ್ತಗಲ್ಲ, ಊರಲ್ಲಿ ಅವ್ವ ಬಡಿಯುತ್ತಿದ್ದ ಹಾಗೆ ಅಂಗೈ ಪೂರ್ತಿ ಬಿಟ್ಟು, ಗೋಡೆಗೆ ಕೇಳುವಂತೆ, ಟಪಟಪ ಟಪಟಪ ಎಂದು.

ಆ ಕಡೆ ಪಾತ್ರೆಗಳ ಸದ್ದು ಒಂದು ಗಳಿಗೆ ನಿಂತಿತು. ಅಕ್ಷಯಾಳ ಕೈಯೂ ನಿಂತಿತು.

ಆಮೇಲೆ ಪಾತ್ರೆಗಳ ಸದ್ದು ಮತ್ತೆ ಶುರುವಾಯಿತು.