ನಲವತ್ತೇಳನೆಯ ಸಾಲು

ಬುಧವಾರ ತಾನು ಹತ್ತು ಜನರ ಎದುರಿಗೆ ಆಡಿದ ಮಾತು ಸುಳ್ಳು ಎಂದು ರಸಿಕಾಳಿಗೆ ಖಾತ್ರಿಯಾದದ್ದು ಶನಿವಾರ, ಮಧ್ಯಾಹ್ನ ಹನ್ನೆರಡಕ್ಕೆ ಇನ್ನೂ ಹತ್ತು ನಿಮಿಷ ಇರುವಾಗ.

ಬನಹಟ್ಟಿಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಅವಳದೊಂದು ಸಣ್ಣ ಅಂಗಡಿ. ಒಂದು ಕಂಪ್ಯೂಟರ್, ಒಂದು ಪ್ರಿಂಟರ್, ಗೋಡೆಯ ತುಂಬ ಸೀರೆ ಅಂಚಿನ ದಡಿಗಳ ತುಂಡುಗಳು. ದಿನಾ ಬೆಳಿಗ್ಗೆ ಜಮಖಂಡಿಯಿಂದ ಬಸ್ಸಿಗೆ ಬಂದು ಬಾಗಿಲು ತೆಗೆಯುತ್ತಾಳೆ. ಮಗ್ಗದ ಮಾಲಕರು ಬೇಡಿದ ದಡಿಯನ್ನು ಸಾಲು ಸಾಲಾಗಿ ಬರೆದುಕೊಡುವುದು ಅವಳ ಉದ್ಯೋಗ. ಕಂಪ್ಯೂಟರಿನಲ್ಲಿ ಅದು ಚಿತ್ರದ ಹಾಗೆ ಕಾಣುವುದಿಲ್ಲ. ಬರಿಯ ಅಕ್ಷರದ ಫೈಲು. ಸಾಲಿಗೆ ಹದಿನಾರು ಮನೆ. ಮನೆಯಲ್ಲಿ ಗುಣಾಕಾರದ ಗುರುತಿದ್ದರೆ ಎಳೆ ಮೇಲೇಳಬೇಕು, ಚುಕ್ಕೆಯಿದ್ದರೆ ಕೆಳಗಿರಬೇಕು. ಒಂದು ಸಾಲು ಎಂದರೆ ಲಾಳಿಯ ಒಂದು ಓಡಾಟ.

ಆ ಹಾಳೆಯನ್ನು ನೋಡಿ ಮಗ್ಗದ ಡಾಬಿಗೆ ಗೂಟ ಹೊಡೆಯುತ್ತಾರೆ. ಡಾಬಿ ಎಂದರೆ ಎಳೆಗಳನ್ನು ಎತ್ತಿ ಇಳಿಸುವ ಸಾಧನ. ತೂತಿರುವ ಮರದ ಪಟ್ಟಿಗಳ ಸರಪಳಿ ಅದರ ಮೇಲೆ ತಿರುಗುತ್ತಿರುತ್ತದೆ. ಹಾಳೆಯಲ್ಲಿ ಗುರುತಿದ್ದಲ್ಲಿ ಪಟ್ಟಿಯ ತೂತಿಗೆ ಬೆರಳ ತುದಿಯಷ್ಟು ಕಟ್ಟಿಗೆಯ ಗೂಟ. ಒಂದು ಗೂಟ ತಪ್ಪಿದರೆ ಸೀರೆಯ ಉದ್ದಕ್ಕೂ ಅದೇ ತಪ್ಪು ಮತ್ತೆ ಮತ್ತೆ ಬರುತ್ತದೆ. ಶಿವಪುತ್ರನ ಕಾರ್ಖಾನೆಯ ಹನ್ನೆರಡು ಮಗ್ಗಗಳಿಗೆ ಈ ಕೆಲಸ ಮಾಡುತ್ತಿದ್ದವಳು ಭಾಗವ್ವ. ಅನಗವಾಡಿಯ ಕುರಿಗಾರರ ಮನೆಯ ಮಗಳು, ಐವತ್ತು ದಾಟಿದವಳು, ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಸಣ್ಣವಳಿದ್ದಾಗ ಸಂಜೆಗೆ ಅಪ್ಪನ ಕುರಿಗಳನ್ನು ಹಟ್ಟಿಗೆ ಹೊಗಿಸುವಾಗ ಎಣಿಸುತ್ತಿದ್ದ ಲೆಕ್ಕವೇ ಅವಳ ವಿದ್ಯೆ. ಹಾಳೆಯನ್ನು ಮುಂದಿಟ್ಟುಕೊಂಡು, "ಎರಡ ಗೂಟ, ಹನ್ನೆರಡ ಬಿಟ್ಟ, ಎರಡ ಗೂಟ" ಎಂದು ಹಾಡಿನ ಹಾಗೆ ಹೇಳಿಕೊಳ್ಳುತ್ತ ಹೊಡೆಯುತ್ತಿದ್ದಳು. ಹದಿನಾಲ್ಕು ವರ್ಷದಲ್ಲಿ ಒಂದು ಗೂಟ ಆಚೀಚೆ ಆಗಿರಲಿಲ್ಲ.

ಈ ಸಲದ್ದು ಗರಗಸದ ಹಲ್ಲಿನಂಥ ದಡಿ. ಆರು ಹಲ್ಲಿಗೊಂದು ಹೂ. ಒಟ್ಟು ಎಪ್ಪತ್ತೆರಡು ಸಾಲು. ರಸಿಕಾ ಹಾಳೆ ಕೊಟ್ಟದ್ದು ಮೂರನೆಯ ತಾರೀಖು. ಹದಿನೆಂಟಕ್ಕೆ ಸೊಲ್ಲಾಪುರದ ವ್ಯಾಪಾರಿ ಇಪ್ಪತ್ತೆಂಟು ಸೀರೆ ಮರಳಿಸಿದ. ಪ್ರತಿ ಆರು ಹಲ್ಲಿಗೊಮ್ಮೆ, ಒಂದು ಹಲ್ಲು ಇಳಿಯುವಲ್ಲಿ ಅಡ್ಡಗೆರೆ. ಹಲ್ಲು ಸೀಳಿದ ಹಾಗೆ.

ಮರುದಿನ ಬುಧವಾರ ಶಿವಪುತ್ರ ಫೋನ್ ಮಾಡಿದ. "ಬಾಯಾರ, ಆ ಹಲ್ಲಿನ ದಡೀದು ಇನ್ನೊಂದ ಹಾಳಿ ತಗದು ತಗೊಂಡ ಬರ್ರಿ. ಮೊದಲಿಂದು ಎಣ್ಣಿ ಒರಸಾಕ ಹೋಗೇತಿ."

ರಸಿಕಾ ಹಾಳೆ ತೆಗೆದುಕೊಂಡು ರಬಕವಿ ದಾರಿಯ ಕಾರ್ಖಾನೆಗೆ ಹೋದಾಗ ಕರೆಂಟು ಹೋಗಿತ್ತು. ಹನ್ನೆರಡು ಮಗ್ಗ ಒಮ್ಮೆಲೇ ನಿಂತರೆ ಕಾರ್ಖಾನೆಯಲ್ಲಿ ಸೂಜಿ ಬಿದ್ದರೂ ಕೇಳುತ್ತದೆ. ಎಲ್ಲರೂ ಭಾಗವ್ವ ತಾನೇ ನೇಯುವ ಮಗ್ಗದ ಸುತ್ತ ನಿಂತಿದ್ದರು. ಅವಳು ಮಗ್ಗದ ಚೌಕಟ್ಟಿಗೆ ಕಟ್ಟಿದ್ದ ಬೀರಪ್ಪ ದೇವರ ಭಂಡಾರದ ಅರಿಶಿನದ ಚೀಲ ಬಿಚ್ಚುತ್ತಿದ್ದಳು.

"ಹಾಳ್ಯಾಗ ಇದ್ದಂಗ ಹೊಡದೇನಿ. ಭಂಡಾರ ಮುಟ್ಟಿ ಹೇಳತೇನಿ."

"ತಡಿ ಬೇ. ದೇವರನ್ನ ಯಾಕ ಎಳೀತಿ? ಹಾಳಿ ಬಂತಲ್ಲ," ಎಂದ ಶಿವಪುತ್ರ.

ಡಾಬಿಯ ಪಟ್ಟಿಗಳನ್ನು ಒಂದೊಂದಾಗಿ ಹಾಳೆಗೆ ಹಿಡಿದು ನೋಡಿದರು. ನಲವತ್ತೇಳನೆಯ ಸಾಲಿಗೆ ಬಂದಾಗ ಹಾಳೆ ಒಂದು ಹೇಳಿತು, ಪಟ್ಟಿ ಒಂದು ಹೇಳಿತು.

"ಬಾಯಾರ, ಮೊದಲ ಕೊಟ್ಟಿದ್ದೂ ಇದ ಹಾಳಿ ಹೌದಿಲ್ಲೋ?" ಶಿವಪುತ್ರ ಕೇಳಿದ.

"ಹೌದ್ರಿ. ಇದ ಫೈಲು," ಎಂದಳು ರಸಿಕಾ.

ಭಾಗವ್ವ ಹಾಳೆಯನ್ನು ನೋಡಿದಳು, ಪಟ್ಟಿಯನ್ನು ನೋಡಿದಳು. ಅರ್ಧ ಬಿಚ್ಚಿದ ಚೀಲದ ಬಾಯನ್ನು ಮತ್ತೆ ಬಿಗಿದಳು. ಭಂಡಾರ ಮುಟ್ಟಲಿಲ್ಲ. ಅಲ್ಲಿ ನಿಂತವರಿಗೆ ಅಷ್ಟು ಸಾಕಾಯಿತು. ಎರಡನೆಯ ಮಗ್ಗದ ಉಮಾಶ್ರೀ, "ಕುರಿ ಎಣಿಸಿದಂಗ ಅಲ್ಲ ಬಿಡ ಆಯಿ ಇದು," ಎಂದಳು. ಯಾರೋ ನಕ್ಕರು. ಮರುದಿನ ಭಾಗವ್ವ ಗೋಡೆಯ ಬದಿಗೆ ಲಾಳಿಗೆ ನೂಲಿನ ಕಂಡಿಕೆ ಸುತ್ತುವವರ ಸಾಲಿನಲ್ಲಿ ಕೂತಳು. ಅವಳ ಮಗ್ಗಕ್ಕೂ ಗೂಟದ ಪೆಟ್ಟಿಗೆಗೂ ಉಮಾಶ್ರೀ ಬಂದಳು.

ರಸಿಕಾ ಬೇಕೆಂದೇ ಸುಳ್ಳು ಹೇಳಿದಳೇ ಎಂದರೆ ಹಾಗೆನ್ನಲಾಗದು. ಮರೆತಿದ್ದಳು ಎಂದರೆ ಅದು ಮುಕ್ಕಾಲು ನಿಜ. ಪ್ರಿಂಟರಿನಿಂದ ಹಾಳೆ ಹೊರಬರುವಾಗ, ಈ ಫೈಲಿನಲ್ಲಿ ನಡುವೆ ಏನನ್ನೋ ತಿದ್ದಿದ್ದೆನಲ್ಲ ಎಂಬ ನೆನಪು ಒಮ್ಮೆ ಸುಳಿದು ಹೋಗಿತ್ತು. ಅದನ್ನು ಹಿಡಿದು ನಿಲ್ಲಿಸಿ ವಿಚಾರಿಸಿರಲಿಲ್ಲ. ಉಳಿದ ಕಾಲು ಭಾಗ ಮೂರು ದಿನ ಅವಳನ್ನು ಬಿಡಲಿಲ್ಲ. ಬಸ್ಸಿನಲ್ಲಿ, ಊಟದಲ್ಲಿ, ಅವ್ವ ಕೃಷ್ಣಾಬಾಯಿ ಏನೋ ಕೇಳಿದಾಗ, ಆ ಚೀಲದ ಬಾಯಿ ಬಿಗಿದ ಬೆರಳುಗಳೇ ಕಣ್ಣಿಗೆ ಬರುತ್ತಿದ್ದವು.

ಅವಳದೊಂದು ರೂಢಿಯಿತ್ತು. ಫೈಲನ್ನು ತಿದ್ದುವ ಮೊದಲು ಹಳೆಯದರ ಒಂದು ನಕಲನ್ನು ತಾರೀಖು ಹಾಕಿ ಬೇರೆ ಕಡೆ ಇಡುತ್ತಿದ್ದಳು. ಶನಿವಾರ ಅಲ್ಲಿ ಹುಡುಕಿದಳು. ಹಲ್ಲಿನ ದಡಿಯದು ಒಂದು ನಕಲು ಇತ್ತು, ಮೂರನೆಯ ತಾರೀಖಿನದು; ಈಗಿನ ಫೈಲಿನ ಮೇಲೆ ಐದರ ತಾರೀಖಿತ್ತು. ಎರಡು ಫೈಲುಗಳನ್ನು ಸಾಲಿಗೆ ಸಾಲು ಹೋಲಿಸುವ ಪ್ರೋಗ್ರಾಮು ಕಂಪ್ಯೂಟರಿನಲ್ಲಿತ್ತು. ಎಡಕ್ಕೆ ಹಳೆಯದು, ಬಲಕ್ಕೆ ಹೊಸದು ಇಟ್ಟು ಗುಂಡಿ ಒತ್ತಿದಳು. ಎಪ್ಪತ್ತೊಂದು ಸಾಲು ಬಿಳಿಯಾಗಿಯೇ ಉಳಿದವು. ಒಂದು ಸಾಲು ಎಡಕ್ಕೆ ಕೆಂಪು, ಬಲಕ್ಕೆ ಹಸಿರು ಆಯಿತು. ಕೆಳಗೆ ಬರೆದಿತ್ತು: ವ್ಯತ್ಯಾಸ ಒಂದು, ಸಾಲು ನಲವತ್ತೇಳು.

ಆಗ ಎಲ್ಲವೂ ನೆನಪಾಯಿತು. ಮೂರನೆಯ ತಾರೀಖು ಫೋನಿನಲ್ಲಿ ಮಾತಾಡುತ್ತ ನಲವತ್ಮೂರನೆಯ ಸಾಲನ್ನು ನಕಲು ಮಾಡಿ ನಲವತ್ತೇಳರ ಜಾಗಕ್ಕೆ ಅಂಟಿಸಿದ್ದಳು. ಹಾಗೆಯೇ ಹಾಳೆ ತೆಗೆದು ಕಳಿಸಿದ್ದಳು. ಐದರಂದು ಬೇರೆ ಕೆಲಸಕ್ಕೆ ಫೈಲು ತೆರೆದಾಗ ತಪ್ಪು ಕಣ್ಣಿಗೆ ಬಿದ್ದು ತಿದ್ದಿದ್ದಳು. ಶಿವಪುತ್ರನಿಗೆ ಫೋನ್ ಮಾಡಬೇಕು ಎಂದುಕೊಳ್ಳುವಷ್ಟರಲ್ಲಿ ಗಿರಾಕಿ ಬಂದಿದ್ದ. ಆಮೇಲೆ ಮಾಡಲಿಲ್ಲ.

ಭಾಗವ್ವ ಹೊಡೆದದ್ದು ಹಾಳೆಯಲ್ಲಿ ಇದ್ದ ಹಾಗೆಯೇ.

ಆ ಎರಡು ಬಣ್ಣದ ಸಾಲನ್ನು ಪ್ರಿಂಟ್ ತೆಗೆದು ಮೇಜಿನ ಖಾನೆಯಲ್ಲಿಟ್ಟಳು. ಸೋಮವಾರ ಹೋಗಿ ಹೇಳಬೇಕು ಎಂದುಕೊಂಡಳು. ಸೋಮವಾರ ಒಂದು ಕೆಲಸ ಬಂತು, ಮಂಗಳವಾರ ತಲೆನೋವು ಬಂತು. ತಪ್ಪು ಒಪ್ಪಿಕೊಂಡ ಡಿಸೈನಿನವಳ ಹತ್ತಿರ ರಬಕವಿ-ಬನಹಟ್ಟಿಯಲ್ಲಿ ಇನ್ನು ಯಾವ ಮಾಲಕ ಬಂದಾನು ಎಂಬ ವಿಚಾರ ದಿನಾ ಬಂತು. ಹೀಗೆ ಒಂಬತ್ತು ದಿನ ಕಳೆದವು.

ಹತ್ತನೆಯ ದಿನ ಬೆಳಿಗ್ಗೆ ಭಾಗವ್ವ ತಾನೇ ಅಂಗಡಿಗೆ ಬಂದಳು. ಮೂಗಿನ ಮೇಲೆ ಹೊಸ ಚಾಳೀಸು.

"ಬರ್ರಿ ಭಾಗವ್ವಾ, ಕೂಡ್ರಿ," ಎಂದಳು ರಸಿಕಾ.

"ಜಮಖಂಡಿಗೆ ಹೋಗಿ ಕಣ್ಣ ತೋರಿಸಿಕೊಂಡ ಬಂದೆನ್ರಿ. ಡಾಕ್ಟರ, ನಂಬರ ಏನ್ ಭಾಳ ಇಲ್ಲ ಅಂದ್ರು. ನಾನ, ಇರಲಿ ಕೊಡ್ರಿ ಅಂದೆ." ಭಾಗವ್ವ ಚಾಳೀಸನ್ನು ಸರಿಮಾಡಿಕೊಂಡಳು. "ಬಾಯಾರ, ಒಂದ ಉಪಕಾರ ಮಾಡ್ರಿ. ಆ ಹಲ್ಲಿನ ದಡಿ ಹಾಳಿ ಕೊಡ್ರಿ. ನಾ ಓದತೇನಿ, ನೀವು ನಿಮ್ಮ ಪಡದೇ ಮ್ಯಾಲ ನೋಡ್ರಿ. ಸರಿ ಓದಿದೆ ಅಂದ್ರ ಮಾಲಕರನ್ನ ಇನ್ನೊಮ್ಮೆ ಕೇಳತೇನಿ. ಇಲ್ಲಾಂದ್ರ ಕಂಡಿಕಿ ಸುತ್ತಕೋತ ಇರತೇನಿ. ನನ್ನ ಕಣ್ಣ ನನಗ ಮೋಸ ಮಾಡಿದ ಮ್ಯಾಲ ಯಾರನ್ನ ಬೈಲಿ?"

ರಸಿಕಾ ಹಾಳೆ ಕೊಟ್ಟಳು. ಆಗಲೇ ಹೇಳಬಹುದಿತ್ತು, ಹೇಳಲಿಲ್ಲ.

ಭಾಗವ್ವ ಬೆರಳಿಟ್ಟು ಶುರುಮಾಡಿದಳು. "ಎರಡ ಗೂಟ, ಹನ್ನೆರಡ ಬಿಟ್ಟ, ಎರಡ ಗೂಟ. ಮೂರ ಗೂಟ, ಹತ್ತ ಬಿಟ್ಟ, ಮೂರ ಗೂಟ..." ಹತ್ತು ಸಾಲು, ಇಪ್ಪತ್ತು, ನಲವತ್ತು. ಎಲ್ಲಿಯೂ ತಡವರಿಸಲಿಲ್ಲ. "ನಾಕ ಗೂಟ, ಎಂಟ ಬಿಟ್ಟ, ನಾಕ ಗೂಟ" ಎಂದು ನಲವತ್ತಾರನೆಯ ಸಾಲು ಮುಗಿಸಿದವಳು ಅಲ್ಲಿಯೇ ನಿಂತಳು.

"ಮೂರ ಗೂಟ, ಹತ್ತ ಬಿಟ್ಟ, ಮೂರ ಗೂಟ," ಎಂದು ಮೆಲ್ಲಗೆ ಓದಿದಳು. "ನೋಡ್ರಿ ಬಾಯಾರ. ಗೂಟ ಹೊಡಿಯೂ ಮುಂದ ಈ ಸಾಲಿಗೆ ನಾ ಏಳ ಗೂಟ, ಎರಡ ಬಿಟ್ಟ, ಏಳ ಗೂಟ ಅಂದಿದ್ದೆ. ಛಲೋ ನೆನಪೈತಿ. ಹಲ್ಲು ಇಳಿಯೂ ಮುಂದ ಇದ್ಯಾಕ ಏಳ ಬಂತು ಅಂತ ಎರಡ ಸಲ ಹಾಳಿ ನೋಡಿದೆ. ಎರಡ ಸಲಾನೂ ಏಳ ಕಂಡಿತ್ತು. ಮಾಲಕರನ್ನೂ ಕೇಳಿದೆ. ಹಾಳ್ಯಾಗ ಇದ್ದಂಗ ಹೊಡಿ, ನಿನ್ನ ಶಾಣ್ಯಾತನ ಬ್ಯಾಡ ಅಂದ್ರು. ಈಗ ನೋಡಿದ್ರ ಮೂರ ಕಾಣತಾವ." ಚಾಳೀಸನ್ನು ತೆಗೆದು ಸೆರಗಿನಿಂದ ಒರೆಸಿ ಮತ್ತೆ ಹಾಕಿಕೊಂಡಳು. "ರೊಕ್ಕ ದಂಡ ಆಗಲಿಲ್ಲ ಬಿಡ್ರಿ. ಚಾಳೀಸ ಖರೇ ಕೆಲಸ ಮಾಡತೈತಿ."

ರಸಿಕಾಳಿಗೆ ಅದನ್ನು ಕೇಳಿಕೊಂಡು ಕೂಡಲಾಗಲಿಲ್ಲ. ಖಾನೆ ಎಳೆದು ಪ್ರಿಂಟ್ ತೆಗೆದು ಮುಂದಿಟ್ಟಳು.

"ಭಾಗವ್ವಾ, ಚಾಳೀಸ ತಗದು ಈ ಕೆಂಪ ಸಾಲ ಓದ್ರಿ."

ಭಾಗವ್ವ ಚಾಳೀಸಿಲ್ಲದೆ ಓದಿದಳು. "ಏಳ ಗೂಟ, ಎರಡ ಬಿಟ್ಟ, ಏಳ ಗೂಟ."

"ಅದು ನಿಮಗ ಕೊಟ್ಟ ಹಾಳಿ. ಹಸರದ್ದು ನಾ ಆಮ್ಯಾಲ ತಿದ್ದಿದ್ದು. ತಪ್ಪು ನಂದು. ನಿಮ್ಮ ಕಣ್ಣ ಬರೋಬ್ಬರಿ ಅದಾವು."

ಹೊರಗೆ ಒಂದು ಬಸ್ಸು ಹಾರ್ನು ಹೊಡೆದು ಹೋಯಿತು. ಭಾಗವ್ವ ಕೆಂಪು ಸಾಲಿನ ಮೇಲೆ ಬೆರಳಾಡಿಸುತ್ತಿದ್ದಳು.

"ಇದು ಯಾವಾಗ ಗೊತ್ತಾತ್ರಿ ನಿಮಗ?"

"ಹೋದ ಹಿಂದಿನ ಶನಿವಾರ."

"ಒಂಬತ್ತ ದಿನ," ಎಂದಳು ಭಾಗವ್ವ. ಎಣಿಸುವುದರಲ್ಲಿ ಅವಳು ತಡಮಾಡುವವಳಲ್ಲ. "ಭಂಡಾರ ಮುಟ್ಟಲಿಲ್ಲ ನಾ ಅವತ್ತ. ನಿಮ್ಮ ಹಾಳಿ ನಂಬಿದೆ. ಮನ್ಯಾಗ ಸೊಸಿ ಸೈತ ಕೇಳಿದ್ಲು, ಖರೇ ಇದ್ರ ಯಾಕ ಮುಟ್ಟಲಿಲ್ಲ ಅತ್ತಿ ಅಂತ."

"ನಾ ಈಗಿಂದೀಗ ಬಂದು ಮಾಲಕರಿಗೆ ಹೇಳತೇನಿ."

"ಮಾಲಕರಿಗೊಬ್ಬರಿಗೆ ಬ್ಯಾಡ್ರಿ. ಎಲ್ಲಾರ ಕೇಳಿದ್ರಲ್ಲ ಅವತ್ತ."

ಇಬ್ಬರೂ ಒಂದೇ ಆಟೋದಲ್ಲಿ ಹೋದರು. ಕಾರ್ಖಾನೆಯ ಮೂಲೆಯ ಗಾಜಿನ ಕೋಣೆಯಲ್ಲಿ ಕೂತಿದ್ದ ಶಿವಪುತ್ರ ಪ್ರಿಂಟ್ ನೋಡಿ, ಎಲ್ಲ ಕೇಳಿ, ಗಲ್ಲ ಕೆರೆದುಕೊಂಡ.

"ಆತು ಬಿಡ್ರಿ ಬಾಯಾರ. ಮನಶ್ಯಾರ ಅಂದ ಮ್ಯಾಲ ತಪ್ಪ ಆಗತಾವ. ನಾಳಿಂದ ಮಗ್ಗ ಭಾಗವ್ವಗ ಕೊಡೂಣು. ಮಂದಿ ಮುಂದ ಡಂಗುರ ಹೊಡಿಯೂದು ಬ್ಯಾಡ. ನಿಮ್ಮ ಹೆಸರೂ ಉಳೀತೈತಿ."

ರಸಿಕಾಳಿಗೆ ಆ ಮಾತು ಒಂದು ಕ್ಷಣ ಹಿತವಾಗಿಯೇ ಕೇಳಿಸಿತು. ಅದು ಹಿತವಾಗಿ ಕೇಳಿಸಿತಲ್ಲ ಎಂಬುದೇ ಆಮೇಲೆ ಎಷ್ಟೋ ದಿನ ಅವಳನ್ನು ಕುಟುಕಿತು.

"ಇಲ್ರಿ, ಹೇಳಬೇಕು," ಎಂದಳು.

"ಈ ಸಪ್ಪಳದಾಗ ಯಾರಿಗೆ ಕೇಳಸತೈತ್ರಿ? ಕರೆಂಟ ಹೋದಾಗ ನೋಡೂಣು." ಶಿವಪುತ್ರ ಗಡಿಯಾರ ನೋಡಿದ. ದಿನಾ ಹನ್ನೊಂದಕ್ಕೆ ಹೋಗುತ್ತಿದ್ದ ಕರೆಂಟು ಅಂದು ಹನ್ನೊಂದೂಕಾಲು ಆದರೂ ಹೋಗಲಿಲ್ಲ. ಹನ್ನೆರಡು ಮಗ್ಗಗಳು ಒಂದೇ ಸಮನೆ ಬಡಿಯುತ್ತಿದ್ದವು. ರಸಿಕಾ ಹಾಳೆ ಹಿಡಿದುಕೊಂಡು ನಡುವೆ ನಿಂತಿದ್ದಳು. ಉಮಾಶ್ರೀ ಲಾಳಿಯ ಮೇಲಿನ ಗಮನ ಬಿಡದೆಯೇ ಇವಳನ್ನೊಮ್ಮೆ ಓರೆಯಾಗಿ ನೋಡಿದಳು.

ಭಾಗವ್ವ ಗೋಡೆಯ ಕಡೆಗೆ ನಡೆದಳು. ಕಂಡಿಕೆ ಸುತ್ತುವ ಜಾಗಕ್ಕೆ ಹೊರಟಳೆಂದು ಎಲ್ಲರೂ ತಿಳಿದರು. ಅವಳು ಅದನ್ನು ದಾಟಿ ಮೇನ್ ಸ್ವಿಚ್ಚಿನ ಹಿಡಿಕೆಗೆ ಕೈಹಾಕಿ ಕೆಳಗೆಳೆದಳು.

ಮಗ್ಗಗಳು ನಿಂತವು. "ಏ ಭಾಗವ್ವಾ" ಎಂದು ಶಿವಪುತ್ರ ಕೋಣೆಯಿಂದ ಹೊರಬಂದವನು, ಅವಳ ಮುಖ ನೋಡಿ ಬಾಗಿಲಲ್ಲೇ ನಿಂತ.

"ಹೇಳ್ರಿ ಬಾಯಾರ," ಎಂದಳು ಭಾಗವ್ವ. ಕೈ ಇನ್ನೂ ಹಿಡಿಕೆಯ ಮೇಲೆಯೇ ಇತ್ತು.

ರಸಿಕಾ ಹೇಳಿದಳು. ಮೂರನೆಯ ತಾರೀಖಿನದು, ಐದರದು, ಫೋನ್ ಮಾಡದೆ ಬಿಟ್ಟದ್ದು, ಆ ಬುಧವಾರ ಇದೇ ಜಾಗದಲ್ಲಿ ನಿಂತು ಹೌದು ಅಂದದ್ದು. ಒಂಬತ್ತು ದಿನದ ಸಂಗತಿಯನ್ನು ನುಂಗಿಬಿಡಬಹುದಿತ್ತು, ಅದನ್ನೂ ಹೇಳಿದಳು. ಆಮೇಲೆ ಭಂಡಾರದ ಚೀಲದ ಕಡೆ ಕೈ ಚಾಚಿದಳು.

"ಆಣಿ ಬ್ಯಾಡ್ರಿ," ಎಂದಳು ಭಾಗವ್ವ. "ಹಾಳಿ ಓದ್ರಿ. ಎರಡೂ ಸಾಲ."

ರಸಿಕಾ ಎರಡೂ ಸಾಲು ಓದಿದಳು. ಏಳ ಗೂಟ, ಎರಡ ಬಿಟ್ಟ, ಏಳ ಗೂಟ. ಮೂರ ಗೂಟ, ಹತ್ತ ಬಿಟ್ಟ, ಮೂರ ಗೂಟ. ಉಮಾಶ್ರೀ ತಲೆ ತಗ್ಗಿಸಿ ಗೂಟದ ಪೆಟ್ಟಿಗೆಯನ್ನು ಕಾಲಿನಿಂದ ಮುಂದಕ್ಕೆ ಸರಿಸಿದಳು. "ಆಯಿ, ತಗೋ," ಎಂದಳು.

"ಕಾಲೀಲೆ ಸರಸಬ್ಯಾಡ. ಕೈಯಾಗ ಎತ್ತಿ ಕೊಡು."

ಉಮಾಶ್ರೀ ಎತ್ತಿ ಕೊಟ್ಟಳು. ಭಾಗವ್ವ ಪೆಟ್ಟಿಗೆಯನ್ನು ಸೊಂಟಕ್ಕೆ ಆನಿಸಿಕೊಂಡು ಸ್ವಿಚ್ಚು ಮೇಲೆತ್ತಿದಳು. ಮಗ್ಗಗಳು ಮತ್ತೆ ಶುರುವಾದವು. ರಸಿಕಾ ಏನೋ ಅಂದಳು; ಆ ಸಪ್ಪಳದಲ್ಲಿ ಅದು ಭಾಗವ್ವನಿಗೆ ಕೇಳಿಸಿತೋ ಇಲ್ಲವೋ. ಅವಳು ತನ್ನ ಸೊಂಟದ ಸಂಚಿಯಿಂದ ಚಾಳೀಸನ್ನು ತೆಗೆದು ರಸಿಕಾಳ ಕೈಯಲ್ಲಿಟ್ಟು, ಮಗ್ಗದ ಕಡೆ ಹೊರಳಿದಳು.

ಆ ಚಾಳೀಸು ಈಗಲೂ ಅಂಗಡಿಯ ಮೇಜಿನ ಮೇಲಿದೆ. ಹಾಳೆ ಕೊಡುವ ಮೊದಲು ರಸಿಕಾ ಎರಡು ಸಲ ಹೋಲಿಸಿ ನೋಡುತ್ತಾಳೆ. ಭಾಗವ್ವ ಈಗಲೂ ಹಾಳೆಗೆ ಬರುತ್ತಾಳೆ. ಕೂಡುವುದಿಲ್ಲ, ನಿಂತೇ ಹಾಳೆಯ ಒಂದೊಂದು ಸಾಲನ್ನೂ ರಸಿಕಾಳಿಂದ ಓದಿಸಿ ಕೇಳಿಕೊಂಡು ಹೋಗುತ್ತಾಳೆ.